ಉದ್ದ ಕಾಲಿನವರಿಗೆ ಬೈಕ್ ಹೊಂದಿಸುವ ಲೆಕ್ಕ

ಆರಡಿ ಮೂರಿಂಚು, ಆರಡಿ ಐದಿಂಚು ಇರುವವರು ಬೈಕ್ ಕೊಳ್ಳಲು ಹೊರಟರೆ ಸಿಗುವ ಸಲಹೆ ಒಂದೇ: ಸೀಟು ಎತ್ತರ ಇರೋ ಗಾಡಿ ತಗೊಳ್ಳಿ. ಕಂಪನಿಯವರ ಪಟ್ಟಿಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವ ಅಂಕಿಯೂ ಅದೇ. ಕವಾಸಕಿ ವರ್ಸಿಸ್ 650ರ ಸೀಟು ಸುಮಾರು 845 ಮಿ.ಮೀ., ಯಮಾಹಾ ಟೆನೆರೆ 700ರದು 875. ಆದರೆ ಈ ಅಂಕಿಯಿಂದ ತಿಳಿಯುವುದು ಗಾಡಿ ನಿಲ್ಲಿಸಿದಾಗ ಕಾಲು ನೆಲಕ್ಕೆ ಎಟಕುತ್ತದೋ ಇಲ್ಲವೋ ಎಂಬುದಷ್ಟೇ. ಉದ್ದ ಕಾಲಿನವರಿಗೆ ಆ ಚಿಂತೆ ಎಲ್ಲಿಂದ ಬಂತು? ಗಂಟೆಗಟ್ಟಲೆ ಕಾಲು ಇರುವುದು ಫುಟ್‌ಪೆಗ್ ಮೇಲೆ, ಅಂದರೆ ಪಾದ ಇಡುವ ಗೂಟದ ಮೇಲೆ. ಹಾಗಾಗಿ ನೋಡಬೇಕಾದ ಅಳತೆ ಸೀಟಿನಿಂದ ಫುಟ್‌ಪೆಗ್‌ವರೆಗಿನದು. ಅದನ್ನು ಯಾವ ಕಂಪನಿಯೂ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಹಾಕುವುದಿಲ್ಲ; ನಾವೇ ಟೇಪು ಹಿಡಿದು ಅಳೆಯಬೇಕು.

ಯಮಾಹಾ ಆರ್15 ವಿ4 ಸೀಟಿನ ಎತ್ತರ 815 ಮಿ.ಮೀ., ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದು 805. ಕಾಗದದ ಮೇಲೆ ಆರ್15 ಒಂದು ಸೆಂಟಿಮೀಟರ್ ಎತ್ತರ. ಕೂತು ನೋಡಿದರೆ ಕಥೆ ತಿರುಗುಮುರುಗು. ಆರ್15ರ ಪೆಗ್‌ಗಳು ಮೇಲಕ್ಕೂ ಹಿಂದಕ್ಕೂ ಇರುವುದರಿಂದ ಉದ್ದ ಕಾಲಿನವರ ಮಂಡಿ ಪೂರ್ತಿ ಮಡಚಿ ಹೋಗುತ್ತದೆ. ಕ್ಲಾಸಿಕ್‌ನಲ್ಲಿ ಪೆಗ್ ಕೆಳಗೂ ಮುಂದಕ್ಕೂ ಇದೆ, ಕಾಲು ಉಸಿರಾಡುತ್ತದೆ.

ಮಂಡಿಯ ಕೋನ

ಮಂಡಿ 90 ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ತೆರೆದಿದ್ದರೆ ಹೆಚ್ಚಿನವರು ದಿನವಿಡೀ ಓಡಿಸಬಲ್ಲರು. 80ರ ಆಸುಪಾಸಿನಲ್ಲಿ ಒಂದೆರಡು ಗಂಟೆಗೆ ಕಾಲು ಚಾಚಬೇಕು ಅನ್ನಿಸುತ್ತದೆ. 70ಕ್ಕೆ ಇಳಿದರೆ ಮಂಡಿಚಿಪ್ಪಿನ ಹಿಂದೆ ಒತ್ತಡ ಬಿದ್ದು, ಇಳಿದು ನಿಂತ ಮೊದಲ ಹತ್ತು ಹೆಜ್ಜೆ ಕುಂಟಬೇಕಾಗುತ್ತದೆ.

ಅಳೆಯುವುದು ಹೀಗೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಅಥವಾ (ಚಕ್ರ ಎತ್ತಿ ಹಿಡಿಯುವ) ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಓಡಿಸುವಾಗ ಹಾಕುವ ಪ್ಯಾಂಟು, ಬೂಟು ಹಾಕಿಕೊಂಡೇ ಕೂತು, ಎರಡೂ ಕಾಲು ಪೆಗ್ ಮೇಲಿಡಿ. ಪ್ಯಾಂಟಿನ ಪಕ್ಕದ ಜೇಬಿನ ಕೆಳಗೆ, ತೊಡೆಯ ಹೊರಬದಿಯಲ್ಲಿ ಒತ್ತಿದರೆ ಒಂದು ಮೂಳೆಯ ಗಂಟು ಸಿಗುತ್ತದೆ. ಸೊಂಟದ ಕೀಲು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿದೆ. ಅಲ್ಲಿಂದ ಪೆಗ್‌ನ ಮೇಲ್ಮೈಗೆ ಇನ್ನೊಬ್ಬರು ನೇರವಾಗಿ ಟೇಪು ಹಿಡಿಯಲಿ.

ಸುಮಾರು 190 ಸೆಂ.ಮೀ. ಎತ್ತರದವರಿಗೆ ಸೊಂಟದ ಕೀಲಿನಿಂದ ಮಂಡಿಗೆ 46 ಸೆಂ.ಮೀ., ಮಂಡಿಯಿಂದ ಅಂಗಾಲಿಗೆ 54 ಸೆಂ.ಮೀ. ಎಂದಿಟ್ಟುಕೊಳ್ಳಿ. ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕ ಹಾಕಿದರೆ, ಟೇಪಿನಲ್ಲಿ 58 ಸೆಂ.ಮೀ. ಬಂದರೆ ಮಂಡಿ ಸುಮಾರು 70 ಡಿಗ್ರಿಯಲ್ಲಿದೆ, 64.5 ಬಂದರೆ 80ರಲ್ಲಿದೆ, 71 ಬಂದರೆ 90ರಲ್ಲಿದೆ. ಅಂದರೆ ಹತ್ತು ಡಿಗ್ರಿ ಗಳಿಸಲು ಆರೂವರೆ ಸೆಂಟಿಮೀಟರ್ ಬೇಕು. ಈ ಒಂದು ಅಂಕಿ ನೆನಪಿದ್ದರೆ ಬಹಳ ದುಡ್ಡು ಉಳಿಯುತ್ತದೆ. ಸೀಟನ್ನು 30 ಮಿ.ಮೀ. ಏರಿಸಿ ಪೆಗ್ಗನ್ನು 25 ಮಿ.ಮೀ. ಇಳಿಸಿದರೆ ಸಿಗುವುದು ಏಳೆಂಟು ಡಿಗ್ರಿ. 82ರಲ್ಲಿರುವ ಗಾಡಿ ಇದರಿಂದ 90ಕ್ಕೆ ಬರುತ್ತದೆ. 68ರಲ್ಲಿರುವುದು ಎಷ್ಟು ಹೆಣಗಿದರೂ ಬರುವುದಿಲ್ಲ. ಅಂಥ ಗಾಡಿಯನ್ನು ಶೋರೂಮಿನಲ್ಲೇ ಬಿಟ್ಟು ಬರುವುದು ಲೇಸು, ಬಣ್ಣ ಎಷ್ಟೇ ಚೆನ್ನಾಗಿರಲಿ.

ಎತ್ತರ ಒಂದೇ ಇರುವ ಇಬ್ಬರಿಗೆ ಒಂದೇ ಗಾಡಿ ಹೊಂದಬೇಕೆಂದೇನಿಲ್ಲ. ಕಾಲು ಉದ್ದವಿದ್ದವರಿಗೆ ಪೆಗ್ಗು, ಸೀಟಿನ ತಕರಾರು. ಮುಂಡ ಉದ್ದವಿದ್ದವರಿಗೆ ಕಾಲು ಸರಿಯಾಗೇ ಕೂರುತ್ತದೆ, ಹ್ಯಾಂಡಲ್ ತಗ್ಗಾಗುತ್ತದೆ, ಗಾಳಿ ನೇರ ಹೆಲ್ಮೆಟ್ಟಿಗೆ ಬಡಿಯುತ್ತದೆ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ಗಟ್ಟಿ ರಟ್ಟಿನ ಪುಸ್ತಕವನ್ನು ತೊಡೆಸಂಧಿಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಇದು ನಿಮ್ಮ ಒಳಗಾಲಿನ ಅಳತೆ. ಒಟ್ಟು ಎತ್ತರದ ಅರ್ಧಕ್ಕಿಂತ ಇದು ಬಹಳ ಕಡಿಮೆಯಿದ್ದರೆ ನಿಮ್ಮದು ಮುಂಡದ ಎತ್ತರ. ಆಗ ಕೆಳಗಿನ ಪೆಗ್ ಭಾಗವನ್ನು ಹಾರಿಸಿ ಹ್ಯಾಂಡಲ್ ಭಾಗಕ್ಕೆ ಹೋದರೂ ನಡೆಯುತ್ತದೆ.

ಯಾವ ಜಾತಿಯ ಗಾಡಿ

ಡಾಂಬರಿಗೂ ಕಚ್ಚಾ ಹಾದಿಗೂ ಆಗುವ ಅಡ್ವೆಂಚರ್ ಮತ್ತು ಡ್ಯುಯಲ್ ಸ್ಪೋರ್ಟ್ ಗಾಡಿಗಳಿಂದ ಹುಡುಕಾಟ ಶುರುಮಾಡಿ. ಸಸ್ಪೆನ್ಷನ್ ಉದ್ದವಿರುವುದರಿಂದ ಪೆಗ್ಗನ್ನು ಕೆಳಗೆ ಇಡಲು ಕಂಪನಿಗೇ ಜಾಗ ಸಿಕ್ಕಿರುತ್ತದೆ, ಹ್ಯಾಂಡಲ್ ಎತ್ತರ ಮತ್ತು ಅಗಲ, ಸೀಟು ಹೆಚ್ಚುಕಡಿಮೆ ಮಟ್ಟಸ. ಹೋಂಡಾ ಆಫ್ರಿಕಾ ಟ್ವಿನ್ 1100ರ ಸೀಟನ್ನು 850 ಅಥವಾ 870 ಮಿ.ಮೀ.ಗೆ ಇಟ್ಟುಕೊಳ್ಳಬಹುದು, ಬಿಎಂಡಬ್ಲ್ಯೂ ಆರ್ 1250 ಜಿಎಸ್‌ನಲ್ಲೂ ಅದೇ ಎರಡು ಮಟ್ಟ. ಹಿಮಾಲಯನ್ 450ರಲ್ಲಿ 825ರಿಂದ 845ಕ್ಕೆ ಏರಿಸುವ ಸೌಲಭ್ಯವಿದೆ. ಹಗುರ ಗಾಡಿಯೇ ಬೇಕೆಂದರೆ ಹೀರೋ ಎಕ್ಸ್‌ಪಲ್ಸ್ 200 4ವಿ ಪ್ರೊ 891 ಮಿ.ಮೀ. ಇದೆ, 200 ಸಿಸಿಯಲ್ಲಿ ಅಷ್ಟು ಎತ್ತರದ ಗಾಡಿ ಅಪರೂಪ. ಆದರೆ ಅದರ ಸೀಟು ಕಿರಿದು, ದೂರದ ಹೆದ್ದಾರಿ ಪ್ರಯಾಣಕ್ಕೆ ಮಾಡಿದ್ದಲ್ಲ.

ಎರಡು ಮಟ್ಟದ ಸೀಟಿರುವ ಗಾಡಿಗಳು ಎಷ್ಟೋ ಸಲ ಶೋರೂಮಿನಲ್ಲಿ ಕೆಳಗಿನ ಮಟ್ಟದಲ್ಲೇ ನಿಂತಿರುತ್ತವೆ. ಮೇಲಿನ ಮಟ್ಟಕ್ಕೆ ಹಾಕಿಸಿ ಕೂರದೆ ತೀರ್ಮಾನ ಮಾಡಬೇಡಿ.

ಕ್ರೂಸರ್, ಅಂದರೆ ತಗ್ಗು ಸೀಟಿನಲ್ಲಿ ಕಾಲು ಮುಂದೆ ಚಾಚಿ ಕೂರುವ ಗಾಡಿಗಳ ವಿಚಾರದಲ್ಲಿ ಎಚ್ಚರ. ಮೀಟಿಯರ್ 350ರಂಥ ಗಾಡಿಯಲ್ಲಿ ಸೀಟು 765 ಮಿ.ಮೀ. ಇದ್ದರೂ ಪೆಗ್ ಮುಂದಿರುವುದರಿಂದ ಮಂಡಿ ತೆರೆದೇ ಇರುತ್ತದೆ. ಮೊದಲ ಅರ್ಧ ಗಂಟೆ ಸಿಂಹಾಸನ. ಆಮೇಲೆ ತೊಂದರೆ ಜಾಗ ಬದಲಿಸುತ್ತದೆ: ಕಾಲು ಮುಂದೆ ಚಾಚಿದಾಗ ದೇಹದ ಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ, ಗುಂಡಿ ಕಂಡಾಗ ಪೆಗ್ ಮೇಲೆ ಎದ್ದು ನಿಲ್ಲಲು ಬರುವುದಿಲ್ಲ. ತಗ್ಗು ಸೀಟಿನಲ್ಲಿ ಉದ್ದ ತೊಡೆಗೆ ಆಸರೆಯೂ ಸಿಗದೆ ಮಂಡಿ ಸೊಂಟಕ್ಕಿಂತ ಮೇಲೆ ಹೋಗುತ್ತದೆ. ನುಣುಪಾದ ರಸ್ತೆಗೆ ಸರಿ, ಹದಗೆಟ್ಟ ರಸ್ತೆಗೆ ಬೇಡ.

ಕೂತು ನೋಡುವಾಗ ಇನ್ನೊಂದಿಷ್ಟು: ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಗ್ರಿಪ್ ಅಥವಾ ಸ್ವಿಚ್ಚು ಮಂಡಿಗೆ ತಾಗುತ್ತದೋ ನೋಡಿ. ತಾಗಿದರೆ ಯೂ ಟರ್ನ್ ಹೊಡೆಯುವಾಗ ಬೀಳುವುದು ಖಚಿತ. ಟ್ಯಾಂಕಿನಲ್ಲಿ ಮಂಡಿಗೆಂದು ಮಾಡಿದ ತಗ್ಗಿನೊಳಗೇ ನಿಮ್ಮ ಮಂಡಿ ಕೂರುತ್ತದೋ, ಅದನ್ನು ದಾಟಿ ಟ್ಯಾಂಕಿನ ಅಗಲದ ಅಂಚಿಗೆ ಒತ್ತುತ್ತದೋ? ಅಂಚಿಗೆ ಒತ್ತಿದರೆ ನೂರು ಕಿ.ಮೀ. ಆಗುವಷ್ಟರಲ್ಲಿ ಒಳತೊಡೆ ನೋಯುತ್ತದೆ. ಇದಕ್ಕೆ ಮದ್ದು ಹಿಂದೆ ಸರಿದು ಕೂರುವುದೊಂದೇ. ಸೀಟಿನಲ್ಲಿ ಹಿಂಬದಿ ಸವಾರರ ಮೆಟ್ಟಿಲು ಚೂಪಾಗಿ ಎದ್ದಿದ್ದರೆ ಸರಿಯಲೂ ಆಗದು.

ದುಡ್ಡಿಲ್ಲದೆ ಆಗುವುದು ಮೊದಲು

ಬಿಡಿಭಾಗ ತರಿಸುವ ಮುಂಚೆ ಗಾಡಿಯಲ್ಲೇ ಇರುವ ಹೊಂದಾಣಿಕೆಗಳನ್ನೆಲ್ಲ ಮುಗಿಸಿ. ಹ್ಯಾಂಡಲ್ ಕ್ಲಾಂಪಿನ ನಾಲ್ಕು ಬೋಲ್ಟು ಸಡಿಲಿಸಿ ಹ್ಯಾಂಡಲನ್ನು ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಹೊರಳಿಸಿ. ಐದು ಡಿಗ್ರಿ ಹೊರಳಿಸಿದರೂ ಮಣಿಕಟ್ಟಿಗೆ ಗೊತ್ತಾಗುತ್ತದೆ. ಕ್ಲಚ್, ಬ್ರೇಕ್ ಲಿವರುಗಳನ್ನು ಮುಂಗೈಯ ನೇರಕ್ಕೆ ತನ್ನಿ. ಎತ್ತರದವರ ಕೈ ಮೇಲಿನಿಂದ ಇಳಿದು ಬರುವುದರಿಂದ ಲಿವರ್ ಸಾಮಾನ್ಯಕ್ಕಿಂತ ಹೆಚ್ಚು ಕೆಳಮುಖವಾಗಿರಬೇಕು.

ಗೇರ್ ಲಿವರ್ ಎರಡು ಬಗೆ. ಹಲ್ಲಿನ ದಂಡಕ್ಕೆ ನೇರ ಕೂರುವಂಥದ್ದಾದರೆ ಬಿಚ್ಚುವ ಮುಂಚೆ ದಂಡಕ್ಕೂ ಲಿವರಿಗೂ ಒಂದೇ ಗೆರೆ ಎಳೆದುಕೊಳ್ಳಿ, ಆಮೇಲೆ ಒಂದು ಹಲ್ಲು ಮಾತ್ರ ಸರಿಸಿ. ಲಿವರನ್ನೂ ದಂಡವನ್ನೂ ಜೋಡಿಸುವ ಲಿಂಕ್ ರಾಡ್ ಇದ್ದರೆ ಎರಡೂ ಕಡೆಯ ಲಾಕ್ ನಟ್ ಸಡಿಲಿಸಿ ರಾಡನ್ನು ತಿರುಗಿಸಬೇಕು. ಒಂದು ಬದಿಯ ಮರೆ (ಥ್ರೆಡ್) ಸಾಮಾನ್ಯವಾಗಿ ಎಡಗೈ ಮರೆ, ಅಂದರೆ ಉಲ್ಟಾ ತಿರುಗುವಂಥದ್ದು, ಅದು ತಿಳಿಯದೆ ಬಲವಂತ ಮಾಡಿದರೆ ತುಂಡಾಗುತ್ತದೆ. ರಾಡ್ ಮತ್ತು ಅದರ ಪುಟ್ಟ ತೋಳಿನ ನಡುವೆ ಸುಮಾರು 90 ಡಿಗ್ರಿ ಇದ್ದರೆ ಗೇರ್ ಹಗುರವಾಗಿ ಬೀಳುತ್ತದೆ. ಎತ್ತರದವರ ಪಾದವೂ ದೊಡ್ಡದು. ಹೆಬ್ಬೆರಳು ಲಿವರನ್ನು ದಾಟಿ ಇಂಜಿನ್ ಕವರಿಗೆ ಹೊಡೆಯುತ್ತಿದ್ದರೆ ತುದಿ ಉದ್ದವಾದ ಲಿವರ್ ಬೇಕು. ಹಿಮ್ಮಡಿಯಿಂದಲೂ ಒತ್ತುವ ಜೋಡಿ ಲಿವರ್ ಇದ್ದರೆ 46-47ನೇ ನಂಬರಿನ ಬೂಟಿಗೆ ನಡುವೆ ಜಾಗವೇ ಇರುವುದಿಲ್ಲ. ಹಿಂದಿನ ತೋಳನ್ನು ತೆಗೆಸಿ.

ಫುಟ್‌ಪೆಗ್ ಇಳಿಸುವುದು

20ರಿಂದ 40 ಮಿ.ಮೀ. ಇಳಿಸುವ ಪೆಗ್‌ಗಳೂ ಬ್ರಾಕೆಟ್‌ಗಳೂ ಸಿಗುತ್ತವೆ. ಪಿನ್ ಹಳೆಯದೇ ಉಳಿದು ಪೆಗ್ಗೇ ಕೆಳಗೆ ಬಾಗಿದ್ದರೆ ಸರಳ. ನಡುವೆ ಬ್ರಾಕೆಟ್ ಸೇರಿಸುವಂಥದ್ದಾದರೆ ಹಿಡಿಯುವ ಬೋಲ್ಟಿನ ಮೇಲೆ ಸನ್ನೆಯ ಒತ್ತಡ ಹೆಚ್ಚುತ್ತದೆ. ನೂರು ಕೆ.ಜಿ.ಯ ಸವಾರ ಎದ್ದು ನಿಂತಿರುವಾಗ ಗಾಡಿ ಗುಂಡಿಗೆ ಬಿದ್ದರೆ ಆ ಬೋಲ್ಟಿಗೆ ಬೀಳುವ ಪೆಟ್ಟು ಅವನ ತೂಕದ ಹಲವು ಪಟ್ಟು. ಇಲ್ಲಿ 10.9 ಗ್ರೇಡಿನ ಬೋಲ್ಟು ಹಾಕಿ, 8.8ಕ್ಕಿಂತ ಕಡಿಮೆಯಂತೂ ಬೇಡ. ಫಳಫಳ ಹೊಳೆಯುತ್ತದೆಂದು ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು ಹಾಕುವವರಿದ್ದಾರೆ. ಎ2-70 ಸ್ಟೇನ್‌ಲೆಸ್‌ನ ಬಲ 8.8 ಗ್ರೇಡಿಗಿಂತ ಕಡಿಮೆ. ಮರೆಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು.

ಪೆಗ್ ಇಳಿದಷ್ಟು ಗೇರ್ ಲಿವರೂ ಬ್ರೇಕ್ ಪೆಡಲೂ ಇಳಿಯಬೇಕು. ಬ್ರೇಕ್ ಪೆಡಲ್ ಹತ್ತಿರ ಆಗುವ ತಪ್ಪು ಅಪಾಯದ್ದಾದ್ದರಿಂದ ಬಿಡಿಸಿ ಹೇಳಬೇಕು. ಡಿಸ್ಕ್ ಬ್ರೇಕ್ ಇರುವ ಗಾಡಿಯಲ್ಲಿ ಪೆಡಲನ್ನು ಕೆಳಗಿಳಿಸಲು, ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಪೆಡಲನ್ನು ಜೋಡಿಸುವ ಪುಶ್‌ರಾಡ್ ಉದ್ದವನ್ನು ಬದಲಿಸುತ್ತೇವೆ. ಆ ರಾಡ್ ಪಿಸ್ಟನ್ನನ್ನು ಒಂದಿಷ್ಟೇ ಒತ್ತಿಕೊಂಡು ನಿಂತರೂ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಕೊಳ್ಳುತ್ತದೆ. ಪ್ಯಾಡು ಡಿಸ್ಕಿಗೆ ಉಜ್ಜಿ ಬಿಸಿಯಾಗುತ್ತದೆ, ಬಿಸಿಗೆ ಆಯಿಲ್ ಹಿಗ್ಗುತ್ತದೆ, ಹಿಗ್ಗಿದ ಆಯಿಲಿಗೆ ಹೋಗಲು ದಾರಿಯಿಲ್ಲದೆ ಪ್ಯಾಡನ್ನೇ ಇನ್ನಷ್ಟು ಒತ್ತುತ್ತದೆ. ಕೆಲವು ಕಿ.ಮೀ. ಓಡಿದ ಮೇಲೆ ಹಿಂದಿನ ಚಕ್ರ ತಾನಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಪೆಡಲನ್ನು ಬೆರಳಲ್ಲಿ ಅಲ್ಲಾಡಿಸಿದರೆ ಕೊನೆಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಮೊದಲ ಸಲ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಸರಾಗವಾಗಿ ತಿರುಗಬೇಕು. ಬ್ರೇಕ್ ಲೈಟಿನ ಸ್ವಿಚ್ಚನ್ನೂ ಮರಳಿ ಹೊಂದಿಸಿ. ಇಲ್ಲದಿದ್ದರೆ ಲೈಟು ಸದಾ ಉರಿಯುತ್ತಿರುತ್ತದೆ, ಇಲ್ಲವೇ ಉರಿಯುವುದೇ ಇಲ್ಲ.

ನೆಲದಿಂದ ಎತ್ತರವಿರುವ ಅಡ್ವೆಂಚರ್ ಗಾಡಿಯಲ್ಲಿ 25 ಮಿ.ಮೀ. ಇಳಿಸಿದರೆ ತಿರುವಿನಲ್ಲಿ ಏನೂ ತಾಗುವುದಿಲ್ಲ. ಮುಂದೆ ಹೊದಿಕೆಯಿಲ್ಲದ, ನೆಲಕ್ಕೆ ಹತ್ತಿರದ ನೇಕೆಡ್ ಗಾಡಿಯಲ್ಲಿ ಪೆಗ್ ಬೇಗ ರಸ್ತೆಗೆ ಉಜ್ಜುತ್ತದೆ. ಉಜ್ಜಿದಾಗ ಮೇಲಕ್ಕೂ ಹಿಂದಕ್ಕೂ ಮಡಚಿಕೊಳ್ಳುವ ಪೆಗ್ ಆಗಿದ್ದರೆ ಅಷ್ಟಕ್ಕೇ ಮುಗಿಯಿತು, ಮಡಚದ ಪೆಗ್ ಆದರೆ ಗಾಡಿಯನ್ನೇ ಎತ್ತಿ ಚಕ್ರ ಜಾರಿಸುತ್ತದೆ. ಸೈಡ್ ಸ್ಟ್ಯಾಂಡ್ ತೆರೆಯುವ ದಾರಿಗೂ ಪೆಗ್ ಅಡ್ಡ ಬರಬಾರದು.

ಕ್ರ್ಯಾಶ್ ಗಾರ್ಡಿಗೆ ಹಾಕುವ ಹೆದ್ದಾರಿ ಪೆಗ್‌ಗಳು ಕಾಲು ಚಾಚಲು ಹಿತ. ಅಲ್ಲಿ ಕಾಲಿಟ್ಟಾಗ ಬ್ರೇಕ್ ಪೆಡಲ್ ದೂರ ಎಂಬುದು ಗೊತ್ತಿದ್ದರೆ ಸರಿ. ಖಾಲಿ ರಸ್ತೆಗಷ್ಟೇ.

ಸೀಟು

ಉಳಿದ ಕೆಲಸಗಳೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದು, ಹೆಚ್ಚು ಕೆಡುವುದೂ ಇದೇ. ಕಂಪನಿಯ ಸೀಟು ಶೋರೂಮಿನಲ್ಲಿ ಐದು ನಿಮಿಷ ಕೂತವರಿಗೆ ಮೆತ್ತಗೆ ಅನ್ನಿಸುವ ಹಾಗಿರುತ್ತದೆ. ಭಾರದ ಸವಾರ ಗಂಟೆ ಹೊತ್ತು ಕೂತರೆ ಆ ಮೆತ್ತನೆಯ ಫೋಮ್ ಪೂರ್ತಿ ಅದುಮಿ, ಕೂರುವ ಎರಡು ಮೂಳೆಗಳು ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಮೇಲೇ ಕೂತಂತಾಗುತ್ತದೆ. ಆಗ ಇನ್ನೂ ಮೆತ್ತನೆಯದು ಬೇಕು ಅನ್ನಿಸುತ್ತದಲ್ಲ, ಅಲ್ಲೇ ದಾರಿ ತಪ್ಪುವುದು. ಬೇಕಾದದ್ದು ಗಟ್ಟಿ ಫೋಮ್, ಅಗಲವಾದ ಆಸರೆ.

ಎಷ್ಟು ಏರಿಸಬೇಕೆಂದು ಮೊದಲು ಪರೀಕ್ಷೆ ಮಾಡಿ. ಯೋಗಾ ಮ್ಯಾಟನ್ನು ಸೀಟಿನ ಆಕಾರಕ್ಕೆ ನಾಲ್ಕೈದು ತುಂಡು ಮಾಡಿ, ಒಂದರ ಮೇಲೊಂದು ಇಟ್ಟು, ಜಾರದಂತೆ ಬೆಲ್ಟಿನಿಂದ ಬಿಗಿದು, ಹತ್ತಿರದ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ. ಒಂದೊಂದೇ ತುಂಡು ಹೆಚ್ಚಿಸುತ್ತ ಹೋದರೆ ಯಾವ ಎತ್ತರದಲ್ಲಿ ಮಂಡಿಗೆ ಹಾಯೆನಿಸಿತು, ಯಾವ ಎತ್ತರದಲ್ಲಿ ಹ್ಯಾಂಡಲ್ ತಗ್ಗಾಯಿತು ಎರಡೂ ತಿಳಿಯುತ್ತದೆ. ಸೀಟು ಹೊಲಿಯುವವರಿಗೆ ಹೇಳಬೇಕಾದ ಅಂಕಿ ಅದೇ. ‘ಸ್ವಲ್ಪ ಎತ್ತರ ಮಾಡಿ’ ಎಂದರೆ ಅವರ ಸ್ವಲ್ಪವೇ ಬೇರೆ, ನಿಮ್ಮ ಸ್ವಲ್ಪವೇ ಬೇರೆ.

ಕವರ್ ಬಿಚ್ಚಿದ ಮೇಲೆ ಹಳೆಯ ಫೋಮಿನ ಮೇಲ್ಭಾಗದ ಮೆತ್ತನೆಯ ಪದರವನ್ನು ಉದ್ದ ಬ್ಲೇಡಿನಿಂದ ಮಟ್ಟಸವಾಗಿ ಕತ್ತರಿಸಿ ತೆಗೆಯಿರಿ. ಅದರ ಮೇಲೆ ರೀಬಾಂಡ್ ಫೋಮ್, ಅಂದರೆ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ ಬಣ್ಣಬಣ್ಣದ ಗಟ್ಟಿ ಫೋಮ್, ಘನ ಮೀಟರಿಗೆ 80ರಿಂದ 100 ಕೆ.ಜಿ. ಸಾಂದ್ರತೆಯದು, 25-30 ಮಿ.ಮೀ. ದಪ್ಪ. ಅದಕ್ಕೂ ಮೇಲೆ 12-15 ಮಿ.ಮೀ. ಹೈ ರೆಸಿಲಿಯೆನ್ಸ್ ಫೋಮ್, ಅಂದರೆ ಒತ್ತಿ ಬಿಟ್ಟರೆ ಥಟ್ಟನೆ ಮರಳಿ ಏಳುವಂಥದ್ದು. ಭಾರ ಹೊರುವುದು ರೀಬಾಂಡ್, ಚರ್ಮಕ್ಕೆ ಮೆತ್ತಗಿರುವುದು ಮೇಲಿನದು. ಅಂಟನ್ನು ಎರಡೂ ಮೈಗೆ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟಾಗಿ ತಾಗಿದರೂ ಎದ್ದು ಬರದ ಹದಕ್ಕೆ ಬಂದಾಗ ಒತ್ತಿ. ಕೂರುವ ಜಾಗದ ನಡುವೆ ಅಂಟು ದಪ್ಪವಾದರೆ ಒಣಗಿ ಹಪ್ಪಳದಂತೆ ಗಟ್ಟಿಯಾಗಿ ಕುಂಡೆಗೆ ಚುಚ್ಚುತ್ತದೆ. ಅಂಚುಗಳಲ್ಲಿ ಚೆನ್ನಾಗಿ ಹಚ್ಚಿ, ನಡುವೆ ಅಲ್ಲಲ್ಲಿ ಸಾಕು. ಆಕಾರ ಕೊಡಲು ಗ್ರೈಂಡರಿಗೆ 40 ನಂಬರಿನ ಮರಳು ಕಾಗದದ ಡಿಸ್ಕ್ ಹಾಕಿ ಹಗುರವಾಗಿ ಆಡಿಸಿ. ಒತ್ತಿದರೆ ಫೋಮ್ ಹರಿದು ಕಿತ್ತು ಬರುತ್ತದೆ.

40 ಮಿ.ಮೀ. ಸೇರಿಸಿದರೆ ಕೂತಾಗ ಉಳಿಯುವ ಏರಿಕೆ ಅಷ್ಟು ಇರುವುದಿಲ್ಲ, ಒಂದಷ್ಟು ಅದುಮುತ್ತದೆ. ಯೋಗಾ ಮ್ಯಾಟಿನಲ್ಲಿ ಸಿಕ್ಕ ಎತ್ತರಕ್ಕೆ ಐದಾರು ಮಿ.ಮೀ. ಹೆಚ್ಚು ಸೇರಿಸಿಯೇ ಕತ್ತರಿಸಿ. ಹೆಚ್ಚಾದರೆ ಉಜ್ಜಿ ಇಳಿಸಬಹುದು.

ಇನ್ನು ಇಳಿಜಾರು. ಗಿಡ್ಡಗಿರುವವರ ಕಾಲು ನೆಲಕ್ಕೆ ಸಿಗಲೆಂದು ಬಹಳಷ್ಟು ಸೀಟುಗಳ ಮುಂಭಾಗ ತಗ್ಗಾಗಿ, ಕಿರಿದಾಗಿ ಇರುತ್ತದೆ. ಎತ್ತರದವರಿಗೆ ಇದೊಂದು ಶಾಪ. ಪ್ರತಿ ಬ್ರೇಕಿಗೂ ಟ್ಯಾಂಕಿನತ್ತ ಜಾರಿ, ಪ್ರತಿ ಸಲ ಹಿಂದಕ್ಕೆ ಎಳೆದುಕೊಳ್ಳಬೇಕು. ಸವಾರ ಕೂತಿರುವಾಗ ಸೀಟಿನ ಮೇಲ್ಮೈ ಮಟ್ಟಸವಾಗಿರಬೇಕು, ಇಲ್ಲವೇ ಕೂದಲೆಳೆಯಷ್ಟು ಹಿಂದಕ್ಕೆ ವಾಲಿರಬೇಕು. ಮುಂದಿನ ಮೂಗಿಗೆ 10-15 ಮಿ.ಮೀ. ಹೆಚ್ಚು ತುಂಬಿ. ನೆಲ ಹೇಗೂ ಎಟಕುತ್ತದೆ, ಹಾಗಾಗಿ ಕೂರುವ ಭಾಗವನ್ನು ಅಗಲ ಮಾಡಲೂ ಅಡ್ಡಿಯಿಲ್ಲ. ಆದರೆ ಕೆಳಗಿನ ತಟ್ಟೆಯ ಅಗಲ ದಾಟಿ ಫೋಮ್ ಹೊರಗೆ ಚಾಚಿದರೆ ಆ ಭಾಗಕ್ಕೆ ಆಸರೆ ಇರುವುದಿಲ್ಲ. ಕೆಲವೇ ತಿಂಗಳಲ್ಲಿ ಜೋತುಬೀಳುತ್ತದೆ.

ಹಿಂಬದಿಯ ಮೆಟ್ಟಿಲನ್ನು 40-50 ಮಿ.ಮೀ. ಹಿಂದಕ್ಕೆ ಕೊರೆದರೆ ಅಷ್ಟು ಹಿಂದೆ ಸರಿಯಬಹುದು. ಮಂಡಿಯ ಜೊತೆ ಸೊಂಟದ ಕೋನವೂ ತೆರೆಯುತ್ತದೆ. ಅದಕ್ಕೆ ಬೆಲೆಯೂ ಇದೆ: ಭಾರ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದೆ ಇನ್ನೊಬ್ಬರು ಕೂತು ಪೆಟ್ಟಿಗೆಯೂ ಇದ್ದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲುತ್ತದೆ.

ಕವರಿನ ಹೊಲಿಗೆ ಕೂರುವ ಮೂಳೆಗಳ ಕೆಳಗೆ ಬರಬಾರದು. ಒತ್ತುವುದು ಒಂದಾದರೆ, ಸೂಜಿಯ ತೂತಿನಿಂದ ಮಳೆನೀರು ಇಳಿಯುವುದು ಇನ್ನೊಂದು. ಫೋಮಿಗೂ ಕವರಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ. ಬಿಗಿಯುವಾಗ ಮೊದಲು ಮೂಗು, ಆಮೇಲೆ ಬಾಲ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಸ್ಟೇಪಲ್. ಕವರನ್ನು ಬಿಸಿಲಿಗಿಟ್ಟು ಬಿಸಿ ಮಾಡಿಕೊಂಡರೆ ಸುಕ್ಕಿಲ್ಲದೆ ಹಿಗ್ಗುತ್ತದೆ. ಸ್ಟೇಪಲ್ ಸ್ಟೇನ್‌ಲೆಸ್ ಆಗಿರಲಿ, 6 ಮಿ.ಮೀ. ಸಾಕು.

ಹ್ಯಾಂಡಲ್

ಸೀಟು ಏರಿದರೆ ಹ್ಯಾಂಡಲ್ ಅಷ್ಟೇ ಇಳಿದ ಹಾಗೆ. ಸೀಟಿನ ಕೆಲಸ ಮುಗಿಸಿ ಹ್ಯಾಂಡಲ್ ಮರೆತವರು ಮಂಡಿನೋವನ್ನು ಕೊಟ್ಟು ಮಣಿಕಟ್ಟಿನ ನೋವನ್ನು ಕೊಂಡಿರುತ್ತಾರೆ. ಸೀಟು 30 ಮಿ.ಮೀ. ಏರಿದ್ದರೆ ಹ್ಯಾಂಡಲ್ ಕೆಳಗೆ ಕೂರಿಸಿ ಎತ್ತರಿಸುವ ತುಂಡು, ಅಂದರೆ ರೈಸರೂ 30 ಮಿ.ಮೀ. ಇರಲಿ, ಮುಂಡ ಉದ್ದವಿರುವವರಿಗೆ ಇನ್ನಷ್ಟು.

ರೈಸರ್ ಫೋರ್ಕಿನ (ಮುಂದಿನ ಚಕ್ರ ಹಿಡಿದ ಎರಡು ಕೊಳವೆಗಳ) ಓರೆಯಲ್ಲೇ ಏರುವುದರಿಂದ ಹ್ಯಾಂಡಲ್ ಹಿಂದಕ್ಕೂ ಬರುತ್ತದೆ. ಫೋರ್ಕಿನ ಓರೆ 26 ಡಿಗ್ರಿ ಇದ್ದರೆ 30 ಮಿ.ಮೀ. ರೈಸರಿಗೆ ಹ್ಯಾಂಡಲ್ 27 ಮಿ.ಮೀ. ಮೇಲೆ, 13 ಮಿ.ಮೀ. ಹಿಂದೆ. ಉದ್ದ ಕೈಯವರಿಗೆ ಈ ಹಿಂದೆ ಬರುವುದು ಬೇಡವಾಗಿರಬಹುದು. ಆಗ ಹ್ಯಾಂಡಲನ್ನು ಮುಂದಕ್ಕೆ ಹೊರಳಿಸಿ, ಅಥವಾ ಮುಂದೆ-ಹಿಂದೆ ಸರಿಸಬಲ್ಲ ರೈಸರ್ ಆರಿಸಿ. ಕೊಳ್ಳುವಾಗ ಹ್ಯಾಂಡಲ್ ಕೊಳವೆಯ ದಪ್ಪ ನೋಡಿಕೊಳ್ಳಿ: ಸಾಮಾನ್ಯವಾಗಿ ಕ್ಲಾಂಪಿನ ಹತ್ತಿರ 22 ಮಿ.ಮೀ. ಅಥವಾ 28.6 ಮಿ.ಮೀ. ಬೋಲ್ಟು ರೈಸರಿನಷ್ಟೇ ಉದ್ದ ಹೆಚ್ಚಬೇಕು. ದಪ್ಪದ ಒಂದೂವರೆ ಪಟ್ಟು ಮರೆ ಒಳಗೆ ಹಿಡಿದಿರಲಿ, ಎಂ8 ಬೋಲ್ಟಿಗೆ 12 ಮಿ.ಮೀ. ಬಿಗಿಯುವ ಟಾರ್ಕ್, ಅಂದರೆ ಎಷ್ಟು ಬಲದಿಂದ ತಿರುಗಿಸಬೇಕೆಂಬ ಅಂಕಿ, ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಒಂದರ ಮೇಲೊಂದು ಎರಡು ರೈಸರ್ ಪೇರಿಸಬೇಡಿ, ಹ್ಯಾಂಡಲ್ ರಬ್ಬರಿನಂತೆ ಬಳುಕುತ್ತದೆ. 50 ಮಿ.ಮೀ.ಗಿಂತ ಹೆಚ್ಚು ಬೇಕೆಂದರೆ ಎತ್ತರದ ಹ್ಯಾಂಡಲನ್ನೇ ಹಾಕಿ.

25-30 ಮಿ.ಮೀ. ಏರಿಕೆಗೆ ಎಷ್ಟೋ ಗಾಡಿಗಳಲ್ಲಿ ಹಳೆಯ ಕೇಬಲ್, ಹೋಸುಗಳೇ ಸಾಲುತ್ತವೆ. ಸಾಲುತ್ತವೆ ಎಂದು ಊಹಿಸಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಐಡಲಿನಲ್ಲಿ ಓಡುತ್ತಿರುವಾಗ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ತಿರುಗಿಸಿ, ಸದ್ದಿಗೆ ಕಿವಿಗೊಡಿ. ಎಲ್ಲಾದರೂ ಆರ್‌ಪಿಎಂ ಏರಿದರೆ ಆ್ಯಕ್ಸಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ. ಬಿಗುವಿನ ತಿರುವಿನಲ್ಲಿ ಗಾಡಿ ತಾನಾಗಿ ಮುನ್ನುಗ್ಗುತ್ತದೆ. ಕ್ಲಚ್ ಲಿವರಿನ ಬುಡದ 2-3 ಮಿ.ಮೀ. ಸಡಿಲ ಎರಡೂ ತುದಿಯಲ್ಲಿ ಹಾಗೇ ಉಳಿಯಬೇಕು, ಇಲ್ಲದಿದ್ದರೆ ಕ್ಲಚ್ ಅರೆಬರೆ ಒತ್ತಿಕೊಂಡೇ ಇದ್ದು ಪ್ಲೇಟು ಸವೆಯುತ್ತದೆ. ಬ್ರೇಕ್ ಹೋಸನ್ನು ಮಾತ್ರ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಫೋರ್ಕ್ ಪೂರ್ತಿ ಇಳಿದಿರುವಾಗಲೇ ನೋಡಬೇಕು. ಗಾಡಿ ನೆಲದ ಮೇಲಿದ್ದಾಗ ಸಡಿಲವಾಗಿ ಕಂಡ ಹೋಸ್, ಚಕ್ರ ಗಾಳಿಗೆದ್ದಾಗ ತಂತಿಯಂತೆ ಬಿಗಿದುಕೊಳ್ಳಬಹುದು. ಸ್ವಿಚ್ಚಿನ ವೈರುಗಳನ್ನು ಕಟ್ಟಿದ ಪಟ್ಟಿಯನ್ನು ಬಿಡಿಸಿ ಬೇರೆ ದಾರಿಯಲ್ಲಿ ತಂದರೆ ಸಾಮಾನ್ಯವಾಗಿ ನಾಲ್ಕೈದು ಸೆಂ.ಮೀ. ಸಿಗುತ್ತದೆ. ಹೋಸ್ ಚಿಕ್ಕದಾದರೆ ಉದ್ದದ್ದು ಹಾಕಿ ಗಾಳಿ ತೆಗೆಸಬೇಕು, ಎಬಿಎಸ್ ಇದ್ದರೆ ಅದು ಗೊತ್ತಿದ್ದವರ ಕೈಯಲ್ಲೇ.

ಫೋರ್ಕಿಗೇ ಕಚ್ಚಿದ ಕ್ಲಿಪ್-ಆನ್ ಹ್ಯಾಂಡಲಿನ ಸ್ಪೋರ್ಟ್ ಗಾಡಿಗಳಲ್ಲಿ ಇದಕ್ಕೆಲ್ಲ ಹೆಚ್ಚು ಆಸ್ಪದವಿಲ್ಲ.

ಗಾಳಿ

ಎತ್ತರದವರಿಗೆ ವಿಂಡ್‌ಶೀಲ್ಡ್ ಎಷ್ಟೋ ಸಲ ಇದ್ದೂ ಕಾಟ. ಅದರ ಮೇಲಂಚಿನಿಂದ ಸುಳಿಸುಳಿಯಾಗಿ ಬಿಡಿಸಿಕೊಳ್ಳುವ ಗಾಳಿ ಸಾಮಾನ್ಯರ ತಲೆಯ ಮೇಲೆ ಹಾದರೆ, ಇವರ ಹೆಲ್ಮೆಟ್ಟಿಗೆ ಸರಿಯಾಗಿ ಅಪ್ಪಳಿಸುತ್ತದೆ. ಸೀಟು ಏರಿಸಿದ ಮೇಲೆ ಇನ್ನೂ ಜಾಸ್ತಿ. ಪರೀಕ್ಷೆ ಸುಲಭ: ನೇರ ರಸ್ತೆಯಲ್ಲಿ ಪೆಗ್ ಮೇಲೆ ಸ್ವಲ್ಪ ಏಳಿ. ಹೆಲ್ಮೆಟ್ ನಡುಗುವುದು ನಿಂತು ಶುದ್ಧ ಗಾಳಿಯ ಸದ್ದಷ್ಟೇ ಉಳಿದರೆ ನಿಮಗೆ ಗಿಡ್ಡ ವಿಂಡ್‌ಶೀಲ್ಡ್ ಬೇಕು. ಬಗ್ಗಿದಾಗ ಸದ್ದು ಸತ್ತರೆ ಎತ್ತರದ್ದು, ಅಥವಾ ಈಗಿನದರ ಮೇಲಂಚಿಗೆ ಕಚ್ಚಿಸುವ ಚಿಕ್ಕ ಡಿಫ್ಲೆಕ್ಟರ್ ಬೇಕು. ಎತ್ತರದ್ದನ್ನು ಹಾಕಿಸುವಾಗಲೂ ನೋಟ ಅದರ ಮೇಲಂಚಿನ ಮೇಲೆ ಹಾಯಬೇಕು, ಅದರೊಳಗಿಂದಲ್ಲ. ಮಳೆಯಲ್ಲಿ, ರಾತ್ರಿ ಎದುರು ಲೈಟಿನಲ್ಲಿ ಅದರೊಳಗಿಂದ ಏನೂ ಕಾಣದು. ಶೀಲ್ಡಿನ ಬುಡದಲ್ಲಿ ಎರಡು ಬೆರಳಷ್ಟು ಸಂದು ಬಿಟ್ಟರೆ ಹಿಂದೆ ಏಳುವ ನಿರ್ವಾತ ತುಂಬಿಕೊಂಡು ಸುಳಿ ತಗ್ಗುತ್ತದೆ. ಬುಡದ ವಾಷರ್ ದಪ್ಪ ಮಾಡಿದರೂ ಈ ಸಂದು ಸಿಗುತ್ತದೆ.

ಕನ್ನಡಿಯಲ್ಲಿ ಸ್ವಂತ ಮೊಣಕೈ ಮಾತ್ರ ಕಂಡರೆ ಕನ್ನಡಿಯನ್ನು ಹೊರಕ್ಕೆ ಚಾಚುವ ಎಕ್ಸ್‌ಟೆಂಡರ್ ಹಾಕಿ. ಯಮಾಹಾ ಗಾಡಿಗಳ ಬಲಗನ್ನಡಿಯ ಮರೆ ಬಹುಪಾಲು ಎಡಗೈ ಮರೆ, ತಿರುಗಿಸುವ ಮುಂಚೆ ನೆನಪಿರಲಿ.

ಸ್ಪ್ರಿಂಗು

ಎತ್ತರದವರು ತೂಕದಲ್ಲೂ ಹೆಚ್ಚು, ಗಾಡಿಯ ಸ್ಪ್ರಿಂಗು ನಡುಗಾತ್ರದವರ ಲೆಕ್ಕದ್ದು. ಹಿಂಭಾಗ ಕುಸಿದಷ್ಟೂ ಏರಿಸಿದ ಸೀಟು, ಇಳಿಸಿದ ಪೆಗ್ಗು ನೆಲಕ್ಕೆ ಹತ್ತಿರ. ಹಿಂದಿನ ಆ್ಯಕ್ಸಲಿನಿಂದ ನೇರ ಮೇಲೆ ಬಾಡಿಗೆ ಒಂದು ಗುರುತು ಹಾಕಿ ಮೂರು ಸಲ ಅಳೆಯಿರಿ: ಚಕ್ರ ಗಾಳಿಯಲ್ಲಿ ತೂಗುವಾಗ, ಗಾಡಿ ತನ್ನ ಭಾರಕ್ಕೆ ನಿಂತಾಗ, ನೀವು ಸಾಮಾನು ಸಮೇತ ಕೂತಾಗ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಚಕ್ರದ ಒಟ್ಟು ಓಡಾಟದ ಶೇ. 30ರ ಹತ್ತಿರ ಇರಬೇಕು. ಓಡಾಟ 200 ಮಿ.ಮೀ. ಇದ್ದರೆ 60. ಹೆಚ್ಚಿದ್ದರೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಡುವ ಹೊಂದಾಣಿಕೆ) ಬಿಗಿಮಾಡಿ. ಹಾಗೆ ಬಿಗಿಮಾಡಿ 60ಕ್ಕೆ ತಂದ ಮೇಲೆ, ನೀವಿಲ್ಲದೆ ಗಾಡಿ ಒಂದಿಷ್ಟೂ ಕುಸಿಯದೆ ಮರದಂತೆ ನಿಂತರೆ ಸ್ಪ್ರಿಂಗೇ ನಿಮ್ಮ ತೂಕಕ್ಕೆ ಮೆತ್ತಗಾಯಿತು ಎಂದರ್ಥ. ಪ್ರೀಲೋಡ್ ಸ್ಪ್ರಿಂಗಿನ ಗಡಸುತನ ಹೆಚ್ಚಿಸುವುದಿಲ್ಲ, ಅದು ಕೂರುವ ಮಟ್ಟವನ್ನಷ್ಟೇ ಬದಲಿಸುತ್ತದೆ. ಆಗ ಗಡಸು ಸ್ಪ್ರಿಂಗ್ ಹಾಕಿಸಿ, ಹೆಡ್‌ಲೈಟನ್ನೂ ಮರಳಿ ಹೊಂದಿಸಿ. ಎಷ್ಟೇ ಗಡಸು ಸ್ಪ್ರಿಂಗ್ ಹಾಕಿದರೂ ಗಾಡಿಯ ಮೇಲೆ ಬರೆದಿರುವ ಗರಿಷ್ಠ ಒಟ್ಟು ತೂಕ ಬದಲಾಗುವುದಿಲ್ಲ. ಸವಾರ, ಹಿಂಬದಿಯವರು, ಪೆಟ್ಟಿಗೆ ಎಲ್ಲ ಅದರೊಳಗೇ.

ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಬದಲಿಸಿ ಗಾಡಿಯ ಹಿಂಭಾಗವನ್ನೇ ಎತ್ತುವ ಕಿಟ್ ಬೇಡ. ಸೀಟು-ಪೆಗ್ ದೂರ ಅದರಿಂದ ಒಂದು ಮಿ.ಮೀ. ಕೂಡ ಹೆಚ್ಚುವುದಿಲ್ಲ. ಫೋರ್ಕಿನ ಓರೆ ಕಡಿಮೆಯಾಗಿ ವೇಗದಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ, ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಗಾಡಿ ವಿಪರೀತ ವಾಲುತ್ತದೆ.

ಇಷ್ಟನ್ನೂ ಒಂದೇ ದಿನ ಮಾಡಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ಒಂದು ಬದಲಾವಣೆ, ಒಂದು ದೂರದ ಪ್ರಯಾಣ, ಆಮೇಲೆ ಮುಂದಿನದು. ನೋವು ಎಲ್ಲಿದೆ ಎಂಬುದೇ ಮುಂದಿನದನ್ನು ಹೇಳುತ್ತದೆ. ಮಂಡಿಯ ಮುಂಭಾಗ ನೊಂದರೆ ಸೀಟು-ಪೆಗ್ ದೂರ ಇನ್ನೂ ಸಾಲದು. ಬೆನ್ನುಮೂಳೆಯ ಬುಡವಾದರೆ ಸೀಟಿನ ಇಳಿಜಾರು, ಇಲ್ಲವೇ ಪೆಗ್ ಅತಿ ಮುಂದೆ. ಅಂಗೈ ಜೋಮು ಹಿಡಿದರೆ ಹ್ಯಾಂಡಲ್ ತಗ್ಗು. ಎರಡು ಹೆಗಲೆಲುಬುಗಳ ನಡುವೆ ಉರಿದರೆ ಹ್ಯಾಂಡಲ್ ದೂರ ಅಥವಾ ಅತಿ ಅಗಲ. ಕತ್ತು ಹಿಡಿದರೆ ಗಾಳಿ. ಬಿಚ್ಚಿ ಕಟ್ಟಿದ ಪ್ರತಿ ಬೋಲ್ಟನ್ನೂ 200-300 ಕಿ.ಮೀ. ಆದ ಮೇಲೆ ಟಾರ್ಕ್ ಪಾನದಲ್ಲಿ ಮತ್ತೊಮ್ಮೆ ನೋಡಿ, ಪೆಗ್ಗಿನದನ್ನು ಮೊದಲು.